ಹೊಸ ಡಿಸ್ಕಿಗೆ 19,412 ಗಂಟೆ ವಯಸ್ಸು

ಹಾರ್ಡ್ ಡಿಸ್ಕ್ ಕೈಗೆ ಬಂದ ದಿನ ನಾನು ಅದಕ್ಕೆ ಒಂದೇ ಒಂದು ಫೈಲನ್ನೂ ಹಾಕಲಿಲ್ಲ. ಜಾಣತನವೇನಲ್ಲ. ಸ್ಕ್ರೂ ಕೂರುವ ತೂತುಗಳ ಅಂಚು ಸವೆದದ್ದು ಕಣ್ಣಿಗೆ ಬಿತ್ತು, ಅಷ್ಟೆ. ಕೊಂಡ ಜಾಲತಾಣದ ಲಿಸ್ಟಿಂಗ್‌ನಲ್ಲಿ, ಅಂದರೆ ಮಾರಾಟಗಾರರು ವಸ್ತುವಿನ ವಿವರ ಬರೆದ ಪುಟದಲ್ಲಿ, ‘ಹೊಚ್ಚ ಹೊಸದು, ಸೀಲ್ ಒಡೆಯದ ಪ್ಯಾಕ್’ ಎಂದಿತ್ತು. ಹೊಚ್ಚ ಹೊಸದಕ್ಕೆ ಅದಾಗಲೇ ಯಾರು ಸ್ಕ್ರೂ ತಿರುಗಿಸಿದ್ದರು?

ಡಿಸ್ಕ್‌ಗಳು ತಮ್ಮ ದಿನಚರಿಯನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಅದಕ್ಕೆ ಸ್ಮಾರ್ಟ್ ದಾಖಲೆ ಎನ್ನುತ್ತಾರೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ನೋಡಿದೆ. ‘ಪವರ್ ಆನ್ ಅವರ್ಸ್’ ಎಂಬಲ್ಲಿ 19,412 ಎಂದಿತ್ತು. ವರ್ಷಕ್ಕೆ 8,760 ಗಂಟೆ. ಅಂದರೆ ಈ ‘ಹೊಸ’ ಡಿಸ್ಕ್ ಎರಡು ವರ್ಷ ಎರಡೂವರೆ ತಿಂಗಳು ಹಗಲೂ ರಾತ್ರಿ ಎಲ್ಲೋ ದುಡಿದು ಬಂದಿತ್ತು.

ಆ ಸಿಟ್ಟಿನಲ್ಲೇ ಮಾರಾಟಗಾರರಿಗೆ ಉದ್ದನೆಯ ಸಂದೇಶ ಕಳಿಸಿದೆ. ಮೋಸ, ವಂಚನೆ, ನಾಚಿಕೆ, ಎಲ್ಲ ಪದಗಳೂ ಇದ್ದವು. ಗಂಟೆಗಳ ಲೆಕ್ಕ ಮಾತ್ರ ಮೂರನೆಯ ಪ್ಯಾರಾದಲ್ಲೆಲ್ಲೋ ಹೂತುಹೋಗಿತ್ತು. ಬಂದ ಉತ್ತರ ಬಲು ಸೌಮ್ಯ: “ನಿಮಗಾದ ಬೇಸರಕ್ಕೆ ವಿಷಾದಿಸುತ್ತೇವೆ. ಡಿಸ್ಕ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ತಿಳಿಸಿ.”

ಈ ಪ್ರಶ್ನೆ ಕಾಣುವಷ್ಟು ಸಾಧುವಲ್ಲ. ‘ಹೌದು’ ಎಂದರೆ ‘ಹಾಗಾದರೆ ದೋಷವೇ ಇಲ್ಲವಲ್ಲ’ ಎನ್ನಬಹುದು. ‘ಇಲ್ಲ’ ಎಂದರೆ ನಾನು ಸುಳ್ಳು ಹೇಳಿದಂತೆ, ಅದೂ ಅಲ್ಲದೆ ಮಾತು ರಿಪೇರಿ, ತಯಾರಕರ ವಾರಂಟಿ ಎಂದು ಬೇರೆ ದಾರಿ ಹಿಡಿಯುತ್ತದೆ. ನನ್ನ ತಕರಾರು ಡಿಸ್ಕ್ ಕೆಟ್ಟಿದೆ ಎಂಬುದಲ್ಲ, ಅವರು ಬರೆದದ್ದೇ ಒಂದು, ಕಳಿಸಿದ್ದೇ ಇನ್ನೊಂದು ಎಂಬುದು. ಅಲ್ಲಿಂದ ಮುಂದೆ ಈ ಒಂದು ಗೆರೆಯನ್ನು ದಾಟಿ ಮಾತಾಡಲಿಲ್ಲ.

ಎರಡನೆಯ ಸಂದೇಶ ಇಷ್ಟೇ:

“ಡಿಸ್ಕ್ ಓಡುತ್ತಿದೆಯೇ ಎಂಬುದು ನನ್ನ ದೂರಿನ ವಿಷಯವಲ್ಲ. ಲಿಸ್ಟಿಂಗ್‌ನಲ್ಲಿ ‘ಹೊಚ್ಚ ಹೊಸದು’ ಎಂದಿದೆ (ಚಿತ್ರ 1). ಬಂದಿರುವ ಡಿಸ್ಕ್ 19,412 ಗಂಟೆ ಬಳಕೆಯಾಗಿದೆ (ಚಿತ್ರ 2, ಸೀರಿಯಲ್ ನಂಬರ್ ಅದರಲ್ಲೇ ಇದೆ). ಲೇಬಲ್ ಮೇಲಿನ ಸೀರಿಯಲ್ ನಂಬರ್ ಚಿತ್ರ 3ರಲ್ಲಿದೆ. ಡಿಸ್ಕ್ ವಾಪಸ್ ಕಳಿಸಲು ಸಿದ್ಧನಿದ್ದೇನೆ. ಪೂರ್ತಿ ಹಣ ಮತ್ತು ವಾಪಸಾತಿಯ ಸಾಗಣೆ ವೆಚ್ಚ ಬೇಕು. ಏಳು ದಿನದೊಳಗೆ ಉತ್ತರಿಸಿ.”

ಇದಕ್ಕೆ ಇನ್ನೊಂದು ದೂರನ್ನೂ ಸೇರಿಸುವವನಿದ್ದೆ. 4 ಟಿಬಿ (ಟೆರಾಬೈಟ್) ಡಿಸ್ಕ್ ಎಂದು ಕೊಂಡಿದ್ದೆ, ವಿಂಡೋಸ್ 3.63 ಎಂದು ತೋರಿಸುತ್ತಿತ್ತು. ಪುಣ್ಯಕ್ಕೆ ಕಳಿಸುವ ಮೊದಲು ಹುಡುಕಿ ನೋಡಿದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ. ಅಲ್ಲಿ ಯಾರ ತಪ್ಪೂ ಇಲ್ಲ. ಅದನ್ನೂ ಬರೆದಿದ್ದರೆ ಅವರು ಆ ಒಂದು ಸಾಲನ್ನೇ ಹಿಡಿದುಕೊಂಡು ವಾರಗಟ್ಟಲೆ ಪಾಠ ಮಾಡುತ್ತಿದ್ದರು.

ಚಿತ್ರ 1ರ ಬಗ್ಗೆ ಹೇಳಲೇಬೇಕು. ದೂರು ಕೊಡುವ ಮೊದಲೇ ಲಿಸ್ಟಿಂಗ್ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಪಿಡಿಎಫ್ ಮಾಡಿಟ್ಟಿದ್ದೆ, ಪುಟದ ವಿಳಾಸ, ದಿನಾಂಕ ಕಾಣುವಂತೆ. ಜಾಲಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್‌ಗೂ ಉಳಿಸಿದ್ದೆ. ಆ ಪ್ರತಿ ಇರುವುದು ಮೂರನೆಯವರ ಬಳಿ, ಹಾಗಾಗಿ ನಾನೇ ತಿದ್ದಿದೆ ಎಂದು ಯಾರೂ ಹೇಳುವಂತಿಲ್ಲ. ನನ್ನ ಎರಡನೆಯ ಸಂದೇಶ ಹೋದ ಮಾರನೆಯ ದಿನವೇ ಲಿಸ್ಟಿಂಗ್‌ನ ‘ಹೊಚ್ಚ ಹೊಸದು’ ಸದ್ದಿಲ್ಲದೆ ‘ನವೀಕರಿಸಿದ್ದು’ ಆಯಿತು!

ಆಮೇಲೆ ಮೂಗಿಗೆ ತುಪ್ಪ ಸವರುವ ಕೆಲಸ ಶುರುವಾಯಿತು. ಮೊದಲು ಬೆಲೆಯ ಶೇ. 15 ಕೊಡುತ್ತೇವೆ, ಡಿಸ್ಕ್ ಇಟ್ಟುಕೊಳ್ಳಿ ಎಂದರು. ಒಪ್ಪಲಿಲ್ಲ, ಶೇ. 30 ಆಯಿತು. ಆಮೇಲೆ ಫೋನ್ ನಂಬರ್ ಕೊಡಿ, ಮಾತಾಡೋಣ ಎಂದರು. ಫೋನಿನಲ್ಲಿ ಆಡಿದ ಮಾತು ನಾಳೆ ಜಾಲತಾಣದವರ ಕಣ್ಣಿಗೆ ಬೀಳುವುದಿಲ್ಲ. ಹೇಳುವುದನ್ನು ಇಲ್ಲೇ ಬರೆಯಿರಿ ಎಂದೆ. ಕೊನೆಗೆ, ನಾನು ಜಾಲತಾಣಕ್ಕೆ ದೂರು ಕೊಟ್ಟ ಮೇಲೆ, ಬಂದದ್ದು ಎಲ್ಲಕ್ಕಿಂತ ಅಪಾಯದ್ದು: “ಮೊದಲು ದೂರನ್ನು ಮುಚ್ಚಿ, ಸಂಜೆಯೊಳಗೆ ಪೂರ್ತಿ ಹಣ ಹಾಕುತ್ತೇವೆ.” ಪೇಪಾಲ್‌ನಂಥ ಪಾವತಿ ಸೇವೆಯಲ್ಲಿ ಒಮ್ಮೆ ಮುಚ್ಚಿದ ದೂರನ್ನು ಮತ್ತೆ ತೆರೆಯಲು ಬರುವುದಿಲ್ಲ. ಹಣ ಖಾತೆಗೆ ಬೀಳುವವರೆಗೆ ದೂರು ತೆರೆದೇ ಇರಬೇಕು.

ಆ ಅಧಿಕೃತ ದೂರನ್ನು ಜಾಲತಾಣಕ್ಕೆ ಕೊಟ್ಟದ್ದು ಏಳು ದಿನ ಮುಗಿದ ಕೂಡಲೇ. ಕಾರಣ ಆರಿಸುವ ಪಟ್ಟಿಯಲ್ಲಿ ‘ವಿವರಣೆಗೆ ಹೊಂದುತ್ತಿಲ್ಲ’ ಎಂಬುದನ್ನೇ ಒತ್ತಿದೆ. ‘ವಸ್ತು ಈಗ ಬೇಡ’ ಎಂಬುದನ್ನು ಒತ್ತಿದವರಿಗೆ ಎಷ್ಟೋ ಕಡೆ ವಾಪಸಾತಿಯ ಸಾಗಣೆ ವೆಚ್ಚ ತಲೆಗೆ ಬರುತ್ತದೆ.

ಹಣ ಕಟ್ಟಿದ್ದು ಕಾರ್ಡ್‌ನಲ್ಲಿ, ಹಾಗಾಗಿ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ಹಣದ ವಾಪಸಾತಿ, ಕೇಳುವ ದಾರಿಯೂ ಇತ್ತು. ವೀಸಾ ಕಾರ್ಡ್ ನಿಯಮಗಳಲ್ಲಿ ಇಂಥದ್ದಕ್ಕೆಂದೇ 13.3 ಎಂಬ ಸಂಖ್ಯೆಯ ಕಾರಣವಿದೆ. ಮಾರಾಟಗಾರರೊಂದಿಗೆ ಬಗೆಹರಿಸಿಕೊಳ್ಳಲು ಯತ್ನಿಸಿದ್ದಕ್ಕೆ, ವಸ್ತು ಹಿಂತಿರುಗಿಸಿದ್ದಕ್ಕೆ ಅಥವಾ ಹಿಂತಿರುಗಿಸಲು ಮುಂದಾದದ್ದಕ್ಕೆ ಪುರಾವೆ ಇರಬೇಕು. ಗಡುವು ಸಾಮಾನ್ಯವಾಗಿ 120 ದಿನ, ಆದರೆ ನಿಮ್ಮ ಬ್ಯಾಂಕ್ ಏನು ಹೇಳುತ್ತದೋ ಅದೇ ಲೆಕ್ಕ. ಎರಡೂ ಕಡೆ ಒಟ್ಟಿಗೆ ದೂರು ಹಾಕಲಿಲ್ಲ. ಬ್ಯಾಂಕಿಗೆ ಹೋದದ್ದು ಗೊತ್ತಾದರೆ ತಮ್ಮಲ್ಲಿನ ದೂರನ್ನು ಮುಚ್ಚಿಬಿಡುವ ಜಾಲತಾಣಗಳಿವೆ. ಗಡುವಿನ ದಿನವನ್ನು ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟೆ.

ದೂರು ಕೊಟ್ಟ ಐದನೆಯ ದಿನ ಜಾಲತಾಣದವರು ವಾಪಸ್ ಕಳಿಸಿ ಎಂದರು. ಅರ್ಧ ಜನ ಎಡವುವುದು ಇಲ್ಲೇ ಎಂದು ನನ್ನ ಅನಿಸಿಕೆ. ಗೆದ್ದೆವೆಂದುಕೊಂಡು ಹೇಗೋ ಸುತ್ತಿ ಕಳಿಸುತ್ತಾರೆ. ನಾನು ಮೇಜಿನ ಎದುರು ಫೋನ್ ನಿಲ್ಲಿಸಿ, ಕತ್ತರಿಸದ ಒಂದೇ ವಿಡಿಯೊದಲ್ಲಿ ಸೀರಿಯಲ್ ನಂಬರ್ ತೋರಿಸಿ, ಡಿಸ್ಕನ್ನು ಆಂಟಿಸ್ಟ್ಯಾಟಿಕ್ (ಸ್ಥಿರ ವಿದ್ಯುತ್ ತಡೆಯುವ) ಚೀಲಕ್ಕೆ ಹಾಕಿ, ಪೆಟ್ಟಿಗೆಗೆ ಟೇಪ್ ಸುತ್ತಿ, ಅದರ ಮೇಲೆ ಟ್ರ್ಯಾಕಿಂಗ್ ಚೀಟಿ ಅಂಟಿಸುವವರೆಗೆ ಚಿತ್ರೀಕರಿಸಿದೆ. ಕೊರಿಯರ್ ರಸೀದಿಯಲ್ಲಿ ತೂಕ ಬರೆಸಿಕೊಂಡೆ. ಹಳೆಯ ಮಾಲೀಕರ ಫೈಲುಗಳೇನಾದರೂ ಅದರಲ್ಲಿ ಉಳಿದಿದ್ದವೋ ಏನೋ, ಕೆದಕಲು ಹೋಗಲಿಲ್ಲ. ನನ್ನದಂತೂ ಏನೂ ಇರಲಿಲ್ಲ, ಮೊದಲ ದಿನದ ಆ ಅನುಮಾನದ ಪುಣ್ಯ.

ಪೆಟ್ಟಿಗೆ ತಲುಪಿದ ಮರುದಿನ ಮಾರಾಟಗಾರರ ಉತ್ತರ: “ಬಂದಿರುವುದು ನಾವು ಕಳಿಸಿದ ಡಿಸ್ಕ್ ಅಲ್ಲ.” ವಿಡಿಯೊ ಜೊತೆ, ಮೊದಲ ವಾರ ಅವರಿಗೇ ಕಳಿಸಿದ್ದ ಚಿತ್ರ 3ನ್ನು ಪಕ್ಕಕ್ಕಿಟ್ಟು ಜಾಲತಾಣಕ್ಕೆ ಕಳಿಸಿದೆ. ಒಂದು ಸಾಲನ್ನೂ ಬರೆಯಲಿಲ್ಲ. ನಾಲ್ಕು ದಿನದಲ್ಲಿ ಪೂರ್ತಿ ಹಣ ಬಂತು, ಸಾಗಣೆಯದ್ದೂ ಸೇರಿ. ಮೊದಲ ದಿನದಿಂದ ಎಣಿಸಿದರೆ ಇಪ್ಪತ್ತಾರು ದಿನ.

ವಿಮರ್ಶೆಯಲ್ಲಿ ಬೈಯಲಿಲ್ಲ. ‘ಹೊಸದು ಎಂದು ಕೊಂಡೆ, 19,412 ಗಂಟೆ ಓಡಿತ್ತು, ಹಣ ವಾಪಸ್ ಬಂತು’ ಎಂದಷ್ಟೇ ಬರೆದೆ. ಎರಡು ದಿನದ ಮೇಲೆ, ಅದನ್ನು ತೆಗೆದರೆ ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ ಕೊಡುತ್ತೇವೆ ಎಂಬ ಸಂದೇಶ ಬಂತು. ಅದನ್ನೂ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ.