ಎಂ 67ರ ವಯಸ್ಸು ಹಿಡಿದ ಬಗೆ: ಒಂದು ನಕ್ಷೆ, ಹಲವು ಜರಡಿ

ಒಂದು ನಕ್ಷತ್ರ ಹುಟ್ಟಿ, ಬೆಳೆದು, ಮುಪ್ಪಾಗುವುದನ್ನು ಯಾರೂ ಕೂತು ನೋಡಿಲ್ಲ, ನೋಡಲೂ ಆಗದು. ಸೂರ್ಯನಂಥ ನಕ್ಷತ್ರ ಒಡಲಿನ ಹೈಡ್ರೋಜನ್ ಉರಿಸಿಕೊಂಡಿರುವ ಅವಧಿಯೇ ಸುಮಾರು ಸಾವಿರ ಕೋಟಿ ವರ್ಷ. ಖಗೋಳಜ್ಞರಿಗೆ ಇಲ್ಲಿ ದಾರಿಯಾಗಿ ಒದಗಿದ್ದು ನಕ್ಷತ್ರಗುಚ್ಛಗಳು. ಒಂದೇ ಮೋಡದಿಂದ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟಿದ ಕೂಟ ಅದು. ವಯಸ್ಸು ಒಂದೇ, ದೂರ ಒಂದೇ, ದ್ರವ್ಯರಾಶಿ ಮಾತ್ರ ಬೇರೆ ಬೇರೆ. ದ್ರವ್ಯರಾಶಿ ಹೆಚ್ಚಿದಷ್ಟೂ ಆಯುಸ್ಸು ಕಡಿಮೆ. ಹಾಗಾಗಿ ಇನ್ನೂ ನಡುಹರೆಯದಲ್ಲಿರುವವು, ಈಗಷ್ಟೇ ಮುಪ್ಪಿಗೆ ಕಾಲಿಟ್ಟವು, ಉರಿದು ಮುಗಿದವು ಎಲ್ಲವೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಬಣ್ಣವನ್ನು ಅಡ್ಡಕ್ಕೂ ಕಾಂತಿಯನ್ನು ಉದ್ದಕ್ಕೂ ಇಟ್ಟು ನಕ್ಷೆ ಬರೆದರೆ ಈ ಹಂತಗಳು ತಾವಾಗಿಯೇ ಸಾಲುಗೂಡುತ್ತವೆ. 1911ರಲ್ಲಿ ಖಗೋಳಜ್ಞ ಹರ್ಟ್ಸ್‌ಪ್ರಂಗ್ ಪ್ರಕಟಿಸಿದ ಇಂಥ ನಕ್ಷೆಗಳೂ ಗುಚ್ಛಗಳವೇ: ಕೃತ್ತಿಕೆ ಮತ್ತು ಹಯಡೀಸ್.

ನಾನು ಆರಿಸಿಕೊಂಡದ್ದು ಕರ್ಕಾಟಕ ರಾಶಿಯ ಎಂ 67. ಸೂರ್ಯನ ವಯಸ್ಸಿಗೆ ಹತ್ತಿರವಾದ, ಸೂರ್ಯನಂಥದೇ ಲೋಹಾಂಶವಿರುವ (ಹೀಲಿಯಂಗಿಂತ ಭಾರವಾದ ಧಾತುಗಳ ಪ್ರಮಾಣವಿರುವ) ಗುಚ್ಛ. ಆಕಾಶಗಂಗೆಯ ಪಟ್ಟಿಯಿಂದ ಸಾಕಷ್ಟು ಮೇಲಿರುವುದರಿಂದ ಧೂಳು ಕಡಿಮೆ, ಹಿನ್ನೆಲೆಯ ಗದ್ದಲವೂ ಕಡಿಮೆ. ದತ್ತಾಂಶಕ್ಕೆ, ನಕ್ಷತ್ರಗಳ ಸ್ಥಾನ, ದೂರ, ಚಲನೆ ಅಳೆದ ಯುರೋಪಿನ ಗಾಯಾ ಉಪಗ್ರಹದ ಮೂರನೆಯ ಬಿಡುಗಡೆ ಸಾಕು. 2022ರ ಜೂನ್‌ನಲ್ಲಿ ಬಂದ ಈ ಪಟ್ಟಿಯಲ್ಲಿ 180 ಕೋಟಿಗೂ ಹೆಚ್ಚು ಆಕಾಶಕಾಯಗಳಿವೆ, ಎಲ್ಲವೂ ಯಾರಿಗಾದರೂ ಉಚಿತ. ನಕ್ಷೆ ಬರೆಯುವುದು ಹತ್ತು ನಿಮಿಷದ ಕೆಲಸ. ಯಾವ ನಕ್ಷತ್ರವನ್ನು ಒಳಗೆ ಬಿಡಬೇಕು, ಯಾವುದನ್ನು ಹೊರಗಿಡಬೇಕು ಎಂದು ತೀರ್ಮಾನಿಸುವುದರಲ್ಲಿ ದಿನಗಳು ಹೋಗುತ್ತವೆ, ಹೋಗಲೇಬೇಕು. ಯಾಕೆಂದರೆ ಅವಸರದಲ್ಲಿ ಹಿಡಿದ ಪ್ರತಿ ಜರಡಿಯೂ ನಕ್ಷತ್ರಜೀವನದ ಒಂದು ಹಂತವನ್ನೇ ಸದ್ದಿಲ್ಲದೆ ಸೋಸಿ ಎಸೆದಿರುತ್ತದೆ.

ಮೊದಲ ಹೆಜ್ಜೆ, ವಿಷುವದಂಶ (ಆಕಾಶದ ರೇಖಾಂಶ) 132.85 ಡಿಗ್ರಿ, ಘಂಟಾವೃತ್ತಾಂಶ (ಆಕಾಶದ ಅಕ್ಷಾಂಶ) +11.81 ಡಿಗ್ರಿ ಕೇಂದ್ರವಾಗಿ ಅರ್ಧ ಡಿಗ್ರಿ ತ್ರಿಜ್ಯದ ವೃತ್ತದೊಳಗಿನ ಎಲ್ಲವನ್ನೂ ಇಳಿಸಿಕೊಳ್ಳುವುದು. ಗಾಯಾ ಭಂಡಾರದ ಪುಟದಲ್ಲೇ ಎಡಿಕ್ಯುಎಲ್ ಎಂಬ ಪ್ರಶ್ನಾಭಾಷೆಯಲ್ಲಿ ಪ್ರಶ್ನೆ ಬರೆಯಬಹುದು, ಇಲ್ಲವೇ ಪೈಥಾನ್‌ನ ಆಸ್ಟ್ರೋಕ್ವೆರಿ ಎಂಬ ಕೋಡ್ ಸಂಗ್ರಹದಿಂದ ಕೇಳಬಹುದು. ಕೋಡ್ ಬರೆಯಲು ಮನಸ್ಸಿಲ್ಲದವರಿಗೆ ಟಾಪ್‌ಕ್ಯಾಟ್ ಎಂಬ ತಂತ್ರಾಂಶ ಸಾಕು. ಬೇಕಾದ ಕಾಲಂಗಳು ಹೆಚ್ಚಿಲ್ಲ: ಸ್ಥಾನ, ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಕೋನ, ದೂರ ಹೆಚ್ಚಿದಷ್ಟೂ ಇದು ಕಡಿಮೆ) ಮತ್ತು ಅದರ ದೋಷ, ಎರಡೂ ದಿಕ್ಕಿನ ಸ್ವಂತ ಚಲನೆ (ಆಕಾಶದಲ್ಲಿ ನಕ್ಷತ್ರ ವರ್ಷಕ್ಕೆ ಸರಿಯುವ ಕೋನ) ಮತ್ತು ಅವುಗಳ ದೋಷ, ಜಿ (ಇಡೀ ಬೆಳಕು), ಬಿಪಿ (ನೀಲಿ ಭಾಗ), ಆರ್‌ಪಿ (ಕೆಂಪು ಭಾಗ) ಕಾಂತಿಮಾನಗಳು, ಆರ್‌ಯುಡಬ್ಲ್ಯುಇ ಎಂಬ ಗುಣಮಟ್ಟದ ಸೂಚಕ. ಕಾಂತಿಮಾನದ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು; ಬಿಪಿಯಿಂದ ಆರ್‌ಪಿ ಕಳೆದರೆ ಬಣ್ಣ. ದೋಷದ ಕಾಲಂಗಳನ್ನು ಬಿಟ್ಟು ಇಳಿಸಿಕೊಂಡರೆ ಮುಂದೆ ಕೆಲಸವೇ ನಡೆಯುವುದಿಲ್ಲ. ಕೆಲವು ಸಾವಿರ ಸಾಲುಗಳು ಬರುತ್ತವೆ. ಅದರಲ್ಲಿ ಗುಚ್ಛಕ್ಕೆ ಸೇರಿದ್ದು ಯಾವುದು, ದಾರಿಹೋಕ ನಕ್ಷತ್ರ ಯಾವುದು ಎಂದು ಸ್ಥಾನ ನೋಡಿ ಹೇಳಲಾಗದು.

ಅದನ್ನು ಹೇಳುವುದು ಸ್ವಂತ ಚಲನೆ. ಪೂರ್ವ-ಪಶ್ಚಿಮ ಚಲನೆಯನ್ನು ಅಡ್ಡಕ್ಕೆ, ಉತ್ತರ-ದಕ್ಷಿಣ ಚಲನೆಯನ್ನು ಉದ್ದಕ್ಕೆ ಇಟ್ಟರೆ ಎಲ್ಲೆಡೆ ಚೆದುರಿದ ಚುಕ್ಕೆಗಳ ನಡುವೆ ಒಂದು ಕಡೆ ಗಟ್ಟಿ ಮುದ್ದೆ ಕಾಣುತ್ತದೆ. ಅದರ ನಡು ವರ್ಷಕ್ಕೆ −10.97 ಮತ್ತು −2.9 ಮಿಲಿ ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 36 ಲಕ್ಷದಲ್ಲೊಂದು ಪಾಲು) ಸುಮಾರಿಗೆ. ಅದೇ ಎಂ 67. ಎಷ್ಟು ದೊಡ್ಡ ವೃತ್ತ ಎಳೆಯಬೇಕು ಎಂಬುದನ್ನು ಕಣ್ಣಳತೆಗೆ ಬಿಡಬಾರದು, ಲೆಕ್ಕ ಮಾಡಬಹುದು. ಗುಚ್ಛದೊಳಗೆ ನಕ್ಷತ್ರಗಳು ಪರಸ್ಪರ ಓಡಾಡುವ ವೇಗ ಸೆಕೆಂಡಿಗೆ 1 ಕಿ.ಮೀ.ಗೂ ಕಡಿಮೆ. ಕಿ.ಮೀ. ಲೆಕ್ಕದ ವೇಗವನ್ನು 4.74ರಿಂದಲೂ ಕಿಲೋಪಾರ್ಸೆಕ್ (ಸುಮಾರು 3,260 ಜ್ಯೋತಿರ್ವರ್ಷ) ಲೆಕ್ಕದ ದೂರದಿಂದಲೂ ಭಾಗಿಸಿದರೆ ಸ್ವಂತ ಚಲನೆ ಸಿಗುತ್ತದೆ. ಎಂ 67ರ ದೂರವಾದ 0.86 ಕಿಲೋಪಾರ್ಸೆಕ್‌ಗೆ ಇದು 0.25 ಮಿಲಿ ಆರ್ಕ್‌ಸೆಕೆಂಡ್ ಒಳಗೇ ಬರುತ್ತದೆ. ಅದರ ಮೂರು ಪಟ್ಟು ಹಿಡಿದು 0.7ರ ವೃತ್ತ ಎಳೆದರೆ ಕಾಂತಿಯುತ ನಕ್ಷತ್ರಗಳಿಗೆ ಸರಿ. ಆದರೆ ಜಿ 20ರ ಮಂಕು ನಕ್ಷತ್ರಕ್ಕೆ ಅಳತೆಯ ದೋಷವೇ 0.5 ಇರುತ್ತದೆ. ಅದೇ ವೃತ್ತ ಇಟ್ಟುಕೊಂಡರೆ ಮುಖ್ಯ ಶ್ರೇಣಿಯ (ಗರ್ಭದಲ್ಲಿ ಹೈಡ್ರೋಜನ್ ಉರಿಸುತ್ತಿರುವ ನಕ್ಷತ್ರಗಳ ಸಾಲಿನ) ಕೆಳತುದಿಯ ಕೆಂಪು ಕುಬ್ಜಗಳಲ್ಲಿ ಬಹಳಷ್ಟು ಕೈಬಿಡುತ್ತವೆ. ಹಾಗಾಗಿ ಪ್ರತಿ ನಕ್ಷತ್ರಕ್ಕೂ ಅದರದೇ ದೋಷದ ವರ್ಗವನ್ನು ಗುಚ್ಛದ ಸಹಜ ಹರವಿನ ವರ್ಗದೊಡನೆ ಕೂಡಿಸಿ, ಆ ಮೊತ್ತದ ವರ್ಗಮೂಲದ ಮೂರು ಪಟ್ಟಿನ ಮಿತಿ ಇಟ್ಟೆ. ಇನ್ನೊಂದು ಎಚ್ಚರಿಕೆ: ಗಾಯಾ ಕೊಡುವ ಪೂರ್ವ-ಪಶ್ಚಿಮ ಚಲನೆಯಲ್ಲಿ ಘಂಟಾವೃತ್ತಾಂಶದ ಕೊಸೈನ್ ಆಗಲೇ ಸೇರಿದೆ. ಮತ್ತೆ ಗುಣಿಸಿದರೆ ಎಂ 67ರಲ್ಲಿ 0.23ರಷ್ಟು, ಕೃತ್ತಿಕೆಯಲ್ಲಿ 1.7ರಷ್ಟು ಮುದ್ದೆ ಜಾಗ ತಪ್ಪುತ್ತದೆ.

ಪ್ಯಾರಲಾಕ್ಸ್ ಜರಡಿಗೂ ಇದೇ ನಿಯಮ. ಗುಚ್ಛದ ಸರಾಸರಿ ಸುಮಾರು 1.15 ಮಿಲಿ ಆರ್ಕ್‌ಸೆಕೆಂಡ್. 1.0ರಿಂದ 1.3ರವರೆಗೆ ಎಂದು ಗಟ್ಟಿ ಗೆರೆ ಹಾಕಿದರೆ ನೋಡಲು ಚೊಕ್ಕಟವಾದ ನಕ್ಷೆ ಬರುತ್ತದೆ, ಜಿ 18ರ ಕೆಳಗೆ ಮಾತ್ರ ಬಡವಾಗಿರುತ್ತದೆ. ಪ್ಯಾರಲಾಕ್ಸ್ ಅದರ ದೋಷದ ಹತ್ತು ಪಟ್ಟಾದರೂ ಇರಬೇಕು ಎಂಬ ರೂಢಿಯ ನಿಯಮವಂತೂ ಇಲ್ಲಿ ಇನ್ನೂ ಹಾನಿಕರ. ಹತ್ತಿರದ ನಕ್ಷತ್ರಗಳಿಗೆ ಹೇಳಿ ಮಾಡಿಸಿದ ನಿಯಮ ಅದು. ಎಂ 67ರ ದೂರದಲ್ಲಿ ಮಂಕು ಅರ್ಧವನ್ನೇ ಕತ್ತರಿಸುತ್ತದೆ.

ಆರ್‌ಯುಡಬ್ಲ್ಯುಇ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಒಂಟಿ ನಕ್ಷತ್ರವೆಂದು ಊಹಿಸಿ ಮಾಡಿದ ಲೆಕ್ಕ ಅಳತೆಗಳಿಗೆ ಎಷ್ಟು ಒಪ್ಪುತ್ತದೆ ಎಂಬುದರ ಸೂಚಕ ಅದು. 1ರ ಹತ್ತಿರವಿದ್ದರೆ ಚೆನ್ನ, 1.4 ದಾಟಿದರೆ ಕೈಬಿಡಿ ಎನ್ನುವುದು ವಾಡಿಕೆ. ಆದರೆ ದಾಟುವುದು ಯಾಕೆ? ಬಹಳ ಸಲ ಅದು ಜೋಡಿ ನಕ್ಷತ್ರವಾಗಿ ತೂಗಾಡುತ್ತಿರುವುದಕ್ಕೆ. ಗುಚ್ಛದ ಬದುಕಿನಲ್ಲಿ ಜೋಡಿಗಳು ಮುಖ್ಯ ಪಾತ್ರಧಾರಿಗಳು, ಅವುಗಳನ್ನು ಕೆಟ್ಟ ದತ್ತಾಂಶವೆಂದು ಎಸೆಯುವುದು ಸಲ್ಲದು. ನಾನು ಇದನ್ನು ಜರಡಿಯಾಗಿ ಬಳಸಲಿಲ್ಲ. ಚುಕ್ಕೆಯ ಬಣ್ಣವಾಗಿ ಬಳಸಿದೆ: 1.4ರ ಮೇಲಿನವು ಕಿತ್ತಳೆ, ಉಳಿದವು ಕಪ್ಪು. ಕಿತ್ತಳೆ ಚುಕ್ಕೆಗಳು ಎಲ್ಲಿ ಗುಂಪುಗೂಡುತ್ತವೆ ಎಂಬುದೇ ಒಂದು ಮಾಹಿತಿ.

ಜರಡಿ ಸರಿಯಿದೆಯೇ ಎಂದು ಪರೀಕ್ಷಿಸಲು ಗುಚ್ಛದಿಂದ 3 ಡಿಗ್ರಿ ಆಚೆ, ಅಷ್ಟೇ ವಿಸ್ತೀರ್ಣದ ಖಾಲಿ ಆಕಾಶಕ್ಕೂ ಅದೇ ನಿಯಮಗಳನ್ನು ಹಚ್ಚಬೇಕು. ಅಲ್ಲಿ ಪಾಸಾಗಿ ಬರುವ ನಕ್ಷತ್ರಗಳೆಷ್ಟೋ, ಗುಚ್ಛದ ಪಟ್ಟಿಯಲ್ಲಿ ಸೇರಿಕೊಂಡ ಹೊರಗಿನವು ಸರಿಸುಮಾರು ಅಷ್ಟೇ. ಈ ಹೆಜ್ಜೆಯನ್ನು ಬಿಟ್ಟುಬಿಡುವವರೇ ಹೆಚ್ಚು.

ಈಗ ದೂರ. ಪ್ರತಿ ನಕ್ಷತ್ರದ ಪ್ಯಾರಲಾಕ್ಸನ್ನೂ ತಲೆಕೆಳಗು ಮಾಡಿ ದೂರ ತೆಗೆಯುವುದು ಎಂ 67ರಲ್ಲಿ ತಪ್ಪು. ಜಿ 18ರಲ್ಲಿ ದೋಷ ಸುಮಾರು 0.12, ಅಂದರೆ ದೂರದಲ್ಲಿ ಹತ್ತು ಪ್ರತಿಶತ, ಕಾಂತಿಮಾನದಲ್ಲಿ 0.2. ನೀಟಾದ ಶ್ರೇಣಿ ಕಲಸಿಹೋಗುತ್ತದೆ. ಗುಚ್ಛದ ನಿಜವಾದ ಆಳ ಅದರ ದೂರದ ಒಂದೆರಡು ಪ್ರತಿಶತವಷ್ಟೇ, ಆದ್ದರಿಂದ ಎಲ್ಲಕ್ಕೂ ಒಂದೇ ಸರಾಸರಿ ದೂರ ಹಾಕಬೇಕು. ಕೃತ್ತಿಕೆಗೆ ಇದು ಉಲ್ಟಾ. ಅದರ ಪ್ಯಾರಲಾಕ್ಸ್ ಸುಮಾರು 7.36, ದೂರ 136 ಪಾರ್ಸೆಕ್. ಗುಚ್ಛದ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಗಮನಿಸಬೇಕಾದಷ್ಟು ವ್ಯತ್ಯಾಸವಿದೆ, ಅಳತೆಯ ದೋಷ ಮಾತ್ರ ಅತ್ಯಲ್ಪ. ಅಲ್ಲಿ ಒಂದೊಂದಕ್ಕೂ ಅದರದೇ ದೂರ.

ಗಾಯಾ ಪ್ಯಾರಲಾಕ್ಸ್‌ಗಳು ನಿಜಕ್ಕಿಂತ ಚೂರು ಕಡಿಮೆ ತೋರಿಸುತ್ತವೆ. ನಕ್ಷತ್ರದ ಕಾಂತಿ, ಬಣ್ಣ, ಜಾಗ ನೋಡಿಕೊಂಡು 0.02ರಿಂದ 0.04 ಸೇರಿಸಬೇಕು. ಸಣ್ಣದೆನಿಸುತ್ತದೆ. 1.15ಕ್ಕೆ 870 ಪಾರ್ಸೆಕ್, 1.19ಕ್ಕೆ 840. ಕಾಂತಿಮಾನದಲ್ಲಿ 0.07ಕ್ಕೂ ಮೀರಿದ ಅಂತರ. ತಿದ್ದದೆ ಹಾಗೇ ಬಿಟ್ಟರೆ ನಕ್ಷತ್ರಗಳು ಇರುವುದಕ್ಕಿಂತ ಕಾಂತಿಯುತವೆನಿಸಿ ಗುಚ್ಛ ಇರುವುದಕ್ಕಿಂತ ಎಳೆಯದಾಗಿ ಕಾಣುತ್ತದೆ. ಧೂಳಿಗೆ ಬಿ−ವಿ ಕೆಂಪೇರಿಕೆ (ನೀಲಿ ಮತ್ತು ಹಳದಿ-ಹಸಿರು ಕಾಂತಿಮಾನಗಳ ಅಂತರ ಧೂಳಿನಿಂದ ಹೆಚ್ಚಿದ ಪ್ರಮಾಣ) 0.04 ತೆಗೆದುಕೊಂಡೆ. ಜಿ ಕಾಂತಿಮಾನಕ್ಕೆ ಅದರ 2.74 ಪಟ್ಟು, ಅಂದರೆ 0.11, ಬಿಪಿ−ಆರ್‌ಪಿ ಬಣ್ಣಕ್ಕೆ 1.34 ಪಟ್ಟು, ಅಂದರೆ 0.05. ಇಷ್ಟಾದ ಮೇಲೆ ಒಂದು ತಾಳೆ ನೋಡಬಹುದು. ಸೂರ್ಯನ ನಿರಪೇಕ್ಷ (10 ಪಾರ್ಸೆಕ್ ದೂರದಲ್ಲಿಟ್ಟರೆ ಕಾಣುವ) ಜಿ ಕಾಂತಿಮಾನ 4.67, ಬಣ್ಣ 0.82. ಎಂ 67ರಲ್ಲಿ ಸೂರ್ಯನನ್ನು ಇಟ್ಟರೆ ಜಿ 14.4ರ ಹತ್ತಿರ, ಬಣ್ಣ 0.87ರಲ್ಲಿ ಕಾಣಬೇಕು. ಆ ಬಿಂದು ಮುಖ್ಯ ಶ್ರೇಣಿಯ ಮೇಲೇ ಬೀಳದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ.

ನಕ್ಷೆಯಲ್ಲಿ ಕಾಂತಿಯುತವಾದದ್ದು ಮೇಲಿರುವಂತೆ ಅಕ್ಷ ತಿರುಗಿಸಿ, ಚುಕ್ಕೆಗಳನ್ನು ಸಣ್ಣದಾಗಿಡಿ. ಕೆಳಗಿನ ಬಲಮೂಲೆಯಿಂದ ಮುಖ್ಯ ಶ್ರೇಣಿ ಮೇಲೇರುತ್ತ ಬಂದು ಜಿ 13.5ರ ಆಸುಪಾಸಿನಲ್ಲಿ ಅತಿ ನೀಲಿಯಾಗಿ, ಅಲ್ಲಿಂದ ಬಲಕ್ಕೆ ವಾಲುತ್ತದೆ. ಈ ತಿರುವೇ ಗುಚ್ಛದ ಗಡಿಯಾರ. ತಿರುವನ್ನು ಹಿಗ್ಗಿಸಿ ನೋಡಿದರೆ ನಡುವೆ ಚುಕ್ಕೆಗಳು ವಿರಳವಾದ ಒಂದು ಸಂದು, ಅದರ ಮೇಲೆ ಎಡಕ್ಕೆ ಬಾಗಿದ ಸಣ್ಣ ಕೊಕ್ಕೆ. ಸೂರ್ಯನಿಗಿಂತ ಕಾಲುಭಾಗದಷ್ಟು ಹೆಚ್ಚು ದ್ರವ್ಯರಾಶಿಯ ಈ ನಕ್ಷತ್ರಗಳ ಗರ್ಭ ಕುದಿಯುವ ನೀರಿನಂತೆ ಕಲಕುತ್ತಿರುತ್ತದೆ. ಹಾಗಾಗಿ ಹೈಡ್ರೋಜನ್ ಮುಗಿದರೆ ಗರ್ಭದ ತುಂಬ ಒಮ್ಮೆಲೇ ಮುಗಿಯುತ್ತದೆ. ಆಸರೆ ತಪ್ಪಿದ ಗರ್ಭ ಬೇಗಬೇಗ ಕುಗ್ಗುವಾಗ ನಕ್ಷತ್ರ ನಕ್ಷೆಯ ಮೇಲೆ ಓಡುತ್ತದೆ. ಓಡುವ ಹಂತದಲ್ಲಿ ಸಿಕ್ಕಿಬೀಳುವವು ಕಡಿಮೆ. ಅದೇ ಆ ಸಂದು. ಒಂದು ಹಂತದಲ್ಲಿರುವ ಚುಕ್ಕೆಗಳ ಎಣಿಕೆ ಆ ಹಂತದ ಅವಧಿಯನ್ನು ಹೇಳುತ್ತದೆ ಎಂಬುದು ಇಡೀ ನಕ್ಷೆಗೆ ಅನ್ವಯಿಸುವ ಮಾತು. ಮೇಲೆ ಜಿ 10.3ರ ಹತ್ತಿರ ಕೆಂಪು ದೈತ್ಯಗಳು ಒತ್ತಾಗಿ ಕೂಡಿರುವುದೂ ಇದಕ್ಕೇ: ಅವು ಹೀಲಿಯಂ ಉರಿಸುತ್ತ ಸುಮಾರು ಹತ್ತು ಕೋಟಿ ವರ್ಷ ಅಲ್ಲೇ ತಂಗುತ್ತವೆ.

ಮುಖ್ಯ ಶ್ರೇಣಿಗೆ ಸಮಾನಾಂತರವಾಗಿ 0.75 ಮೇಲೆ ಇನ್ನೊಂದು ತೆಳು ಶ್ರೇಣಿ ಇರುತ್ತದೆ. ಸಮಾನ ಕಾಂತಿಯ ಎರಡು ನಕ್ಷತ್ರ ಒಂದಾಗಿ ಕಂಡರೆ ಕಾಂತಿ ಇಮ್ಮಡಿ, ಕಾಂತಿಮಾನದಲ್ಲಿ ಸರಿಯಾಗಿ 0.75. ತಿರುವಿಗಿಂತ ಮೇಲೆ, ಎಡಕ್ಕೆ, ಇರಬಾರದ ಜಾಗದಲ್ಲಿ ಕೆಲವು ನೀಲಿ ಚುಕ್ಕೆಗಳೂ ಸಿಗುತ್ತವೆ. ಇವು ಬ್ಲೂ ಸ್ಟ್ರ್ಯಾಗ್ಲರ್‌ಗಳು, ಖಗೋಳಜ್ಞ ಸ್ಯಾಂಡೇಜ್ 1953ರಲ್ಲಿ ಎಂ 3 ಗುಚ್ಛದಲ್ಲಿ ಗುರುತಿಸಿದ ಬಗೆಯವು. ಜೊತೆಗಾರನಿಂದ ದ್ರವ್ಯ ಪಡೆದೋ ಇನ್ನೊಂದರೊಡನೆ ಬೆರೆತೋ ಮರಳಿ ಯೌವನ ಪಡೆದವು. ಹೊರಗಿನವೆಂದು ಅಳಿಸಬೇಡಿ; ಇವುಗಳ ಸ್ವಂತ ಚಲನೆ ಗುಚ್ಛದ್ದೇ.

ವಯಸ್ಸಿಗೆ ಪಡೋವ ತಂಡದ ಪಾರ್ಸೆಕ್ (ಇಲ್ಲಿ ಇದು ದೂರದ ಮಾನವಲ್ಲ, ಮಾದರಿಯ ಹೆಸರು) ಸಮವಯ ರೇಖೆಗಳನ್ನು, ಅಂದರೆ ಒಂದೇ ವಯಸ್ಸಿನ ನಕ್ಷತ್ರಗಳು ನಕ್ಷೆಯಲ್ಲಿ ಕೂರಬೇಕಾದ ಗೆರೆಗಳನ್ನು, ತೆಗೆದುಕೊಂಡೆ. ಫಿಲ್ಟರ್‌ಗಳ ಆಯ್ಕೆಯಲ್ಲಿ ಗಾಯಾ ಮೂರನೆಯ ಬಿಡುಗಡೆಯದೇ ಇರಬೇಕು, ಎರಡನೆಯದನ್ನು ಒತ್ತಿದರೆ ಬಣ್ಣ ಸರಿಯುತ್ತದೆ. ಧೂಳಿನ ಖಾನೆಯಲ್ಲಿ ಸೊನ್ನೆ ಇಡಿ. ಅಲ್ಲೂ ತುಂಬಿ, ಕೈಯಾರೆಯೂ ತಿದ್ದಿದರೆ ಎರಡು ಸಲ ಕಳೆದಂತಾಗುತ್ತದೆ. ವಯಸ್ಸಿನ ಲಾಗರಿತಮ್ 9.50ರಿಂದ 9.70ರವರೆಗೆ 0.05 ಅಂತರದಲ್ಲಿ ಐದು ರೇಖೆಗಳು: 316, 355, 398, 447, 501 ಕೋಟಿ ವರ್ಷ. ರೇಖೆಯನ್ನು ಚುಕ್ಕೆಗಳ ನಡುವೆ ಹಾಯಿಸುವುದು ಎಲ್ಲರೂ ಮಾಡುವ ತಪ್ಪು. ಜೋಡಿಗಳು ಶ್ರೇಣಿಯನ್ನು ಮೇಲಕ್ಕೆ ದಪ್ಪ ಮಾಡಿರುವುದರಿಂದ ರೇಖೆ ಕೆಳ ಅಂಚಿಗೆ, ನೀಲಿ ಬದಿಗೆ ತಾಗಿ ಹೋಗಬೇಕು. ಮೊದಲು ತಿರುವಿಗಿಂತ ಸಾಕಷ್ಟು ಕೆಳಗಿನ ಭಾಗ ಹೊಂದಿಸಿ, ಯಾಕೆಂದರೆ ಅಲ್ಲಿ ವಯಸ್ಸಿನ ಪ್ರಭಾವ ಇಲ್ಲ. ಆಮೇಲೆ ತಿರುವು ನೋಡಿ. ಕೊನೆಗೆ ಕೆಂಪು ದೈತ್ಯಗಳ ಗುಂಪು ತಾನಾಗಿ ಕೂರುತ್ತದೆಯೇ ಎಂದು ಪರೀಕ್ಷಿಸಿ, ಅದನ್ನು ಎಳೆದು ಕೂರಿಸಬೇಡಿ. ಎಂ 67 ನನಗೆ 355 ಮತ್ತು 447ರ ನಡುವೆ ಕೂತಿತು. ಇದಕ್ಕಿಂತ ಸೂಕ್ಷ್ಮವಾದ ಉತ್ತರ ಹೇಳುವುದು ಈ ವಿಧಾನಕ್ಕೆ ಮೀರಿದ್ದು. ಕೆಂಪೇರಿಕೆಯನ್ನು 0.02 ಬದಲಿಸಿದರೂ ತಿರುವು 0.027 ಆಚೀಚೆ ಆಗುತ್ತದೆ.

ನಕ್ಷೆಯ ಕೆಳತುದಿಯಲ್ಲಿ ಎರಡು ಭ್ರಮೆಗಳಿವೆ. ಬಿಪಿ ಸುಮಾರು 20.3 ದಾಟಿದ ಕೆಂಪು ನಕ್ಷತ್ರಗಳ ನೀಲಿ ಬೆಳಕು ಹೆಚ್ಚಾಗಿ ದಾಖಲಾಗುವುದರಿಂದ ಶ್ರೇಣಿ ಎಡಕ್ಕೆ ಬಾಗಿದಂತೆ ಕಾಣುತ್ತದೆ. ಅಲ್ಲಿ ಜಿ−ಆರ್‌ಪಿ ಬಣ್ಣ ಬಳಸಬೇಕು. ಎರಡನೆಯದು, ಶ್ವೇತ ಕುಬ್ಜಗಳು (ಉರಿದು ಮುಗಿದ ನಕ್ಷತ್ರಗಳ ಉಳಿದ ಗರ್ಭಗಳು) ಇಲ್ಲವೇ ಇಲ್ಲ ಅನಿಸುವುದು. ಇವೆ, ಆದರೆ ಬಹುತೇಕ ಜಿ 21ರ ಆಚೆ, ಗಾಯಾ ಕಣ್ಣಿಗೆ ಎಟುಕದಷ್ಟು ಮಂಕು. ಅವುಗಳನ್ನು ನೋಡಬೇಕೆಂದರೆ ಅದೇ ರಾಶಿಯ ಎಂ 44 ಗುಚ್ಛಕ್ಕೆ ಹೋಗಬೇಕು. ಪ್ಯಾರಲಾಕ್ಸ್ 5.37, ಸ್ವಂತ ಚಲನೆ −36 ಮತ್ತು −12.9. ಅಲ್ಲಿ ಜಿ 18ರ ಹತ್ತಿರ, ಮುಖ್ಯ ಶ್ರೇಣಿಯಿಂದ ಎಷ್ಟೋ ಎಡಕ್ಕೆ, ಅವು ಎದ್ದು ಕಾಣುತ್ತವೆ.

ಕೃತ್ತಿಕೆಗೆ ಮಾತ್ರ ತಿರುವಿನ ಗಡಿಯಾರ ಸಾಲದು. ನೀಲಿ ತುದಿಯಲ್ಲಿರುವುದು ನಾಲ್ಕಾರು ನಕ್ಷತ್ರ, ಅವೂ ಗರಗರ ತಿರುಗುವಂಥವು. ತಿರುಗುವಿಕೆ ಬಣ್ಣ, ಕಾಂತಿ ಎರಡನ್ನೂ ಕೆಡಿಸುತ್ತದೆ. ಅತಿ ಕಾಂತಿಯುತವಾದ್ದರಿಂದ ಗಾಯಾ ಅಳತೆಯೂ ಅಲ್ಲಿ ಚೆನ್ನಾಗಿಲ್ಲ. ಅದಕ್ಕಾಗಿ ಖಗೋಳಜ್ಞರು ಇನ್ನೊಂದು ತುದಿಯಿಂದ ಬರುತ್ತಾರೆ. ಪುಟ್ಟ ನಕ್ಷತ್ರಗಳ ಗರ್ಭ ಕುಗ್ಗುತ್ತ ಸುಮಾರು 25 ಲಕ್ಷ ಕೆಲ್ವಿನ್ ತಲುಪಿದಾಗ ಲಿಥಿಯಂ ಉರಿದುಹೋಗುತ್ತದೆ. ದ್ರವ್ಯರಾಶಿ ಕಡಿಮೆಯಿದ್ದಷ್ಟೂ ಆ ಉಷ್ಣತೆ ತಲುಪುವುದು ತಡ. ರೋಹಿತದಲ್ಲಿ 670.8 ನ್ಯಾನೋಮೀಟರ್‌ನ ಲಿಥಿಯಂ ಗೆರೆ ಯಾವ ಕಾಂತಿಯ ಕೆಳಗೆ ಮತ್ತೆ ಕಾಣಿಸಿಕೊಳ್ಳುತ್ತದೆಯೋ ಅದೇ ವಯಸ್ಸಿನ ಗುರುತು. ಕೃತ್ತಿಕೆಗೆ ಇದು 11ರಿಂದ 13 ಕೋಟಿ ವರ್ಷ ಕೊಡುತ್ತದೆ. ದೊಡ್ಡ ದೂರದರ್ಶಕ ಬೇಡುವ ಕೆಲಸ, ಕೂತಲ್ಲೇ ಆಗುವಂಥದಲ್ಲ. ಆದರೆ ಕೃತ್ತಿಕೆಯ ವಿಷಯದಲ್ಲಿ ಮೇಲಿನ ತಿರುವಿಗಿಂತ ಕೆಳಗಿನ ಈ ಗಡಿಯನ್ನೇ ನಾನು ಹೆಚ್ಚು ನಂಬುತ್ತೇನೆ.