ಡೇಟನ್‌ನ ಪ್ಯಾಕರ್ಡ್ ಸಂಗ್ರಹಾಲಯವನ್ನು ಗಿರಾಕಿಯ ಹಾಗೆ ನೋಡುವ ಬಗೆ

ಅಮೆರಿಕದ ಒಹಾಯೋ ರಾಜ್ಯದ ಡೇಟನ್ ನಗರದಲ್ಲಿ, ಸೌತ್ ಲಡ್ಲೋ ಬೀದಿಯ 420ನೇ ಸಂಖ್ಯೆಯ ಕಟ್ಟಡವನ್ನು 1917ರಲ್ಲಿ ಕಟ್ಟಿಸಿದ್ದು ಪ್ಯಾಕರ್ಡ್ ಕಾರುಗಳನ್ನು ಮಾರುವುದಕ್ಕೆಂದೇ. ಆಗ ಅಲ್ಲಿದ್ದದ್ದು ಸಿಟಿಜನ್ಸ್ ಮೋಟರ್‌ಕಾರ್ ಕಂಪನಿ ಎಂಬ ಡೀಲರ್ ಸಂಸ್ಥೆ. 1992ರಿಂದ ಅದೇ ಕಟ್ಟಡದಲ್ಲಿ ಅಮೆರಿಕಾಸ್ ಪ್ಯಾಕರ್ಡ್ ಮ್ಯೂಸಿಯಂ ಇದೆ. ಧರ್ಮಸ್ಥಳದ ಮಂಜೂಷಾದಲ್ಲೋ ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯದಲ್ಲೋ ಹಳೆಯ ಕಾರುಗಳನ್ನು ನೋಡಿದವರಿಗೆ ಇಲ್ಲಿನ ವ್ಯತ್ಯಾಸ ಬೇಗ ತಿಳಿಯುತ್ತದೆ. ಅಲ್ಲಿ ಕಾರುಗಳನ್ನು ತಂದು ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಇಲ್ಲಿ ಕಾರುಗಳು ತಾವು ಮಾರಾಟವಾಗುತ್ತಿದ್ದ ಅಂಗಡಿಗೇ ಮರಳಿ ಬಂದು ನಿಂತಿವೆ. ಆದ್ದರಿಂದ ಇಸವಿಗಳ ಕ್ರಮ ಹಿಡಿದು ಒಂದೊಂದೇ ಕಾರನ್ನು ದಾಟುತ್ತ ಹೋಗುವ ಬದಲು, ನೂರು ವರ್ಷದ ಹಿಂದೆ ಕಾರು ಕೊಳ್ಳಲು ಬಂದ ಗಿರಾಕಿ ಯಾವ ದಾರಿಯಲ್ಲಿ ನಡೆದಿರಬಹುದೋ ಅದೇ ದಾರಿಯಲ್ಲಿ ನಡೆಯುವುದು ಒಳ್ಳೆಯದು.

ಕೊಲಂಬಸ್‌ನಿಂದ ಡೇಟನ್‌ಗೆ ಸುಮಾರು 115 ಕಿಲೋಮೀಟರ್, ಸಿನ್ಸಿನಾಟಿಯಿಂದ ಸುಮಾರು 90 ಕಿಲೋಮೀಟರ್. ಎರಡೂ ಕಡೆಯಿಂದ ಹೆದ್ದಾರಿ ನೇರವಾಗಿದ್ದು, ಬೆಳಗಿನ ತಿಂಡಿ ಮುಗಿಸಿ ಹೊರಟು ಸಂಜೆಗೆ ಮನೆ ಸೇರಬಹುದು. ಹೊರಡುವ ಹಿಂದಿನ ದಿನ ತೆರೆಯುವ ವೇಳೆಯನ್ನೂ ಪ್ರವೇಶ ಶುಲ್ಕವನ್ನೂ ಒಮ್ಮೆ ವಿಚಾರಿಸಿಕೊಳ್ಳಿ, ಏಕೆಂದರೆ ಇಂಥ ಖಾಸಗಿ ಸಂಗ್ರಹಾಲಯಗಳಲ್ಲಿ ಮದುವೆ, ಔತಣಗಳಿಗಾಗಿ ಸಭಾಂಗಣವನ್ನು ಬಿಟ್ಟುಕೊಡುವ ದಿನಗಳೂ ಇರುತ್ತವೆ. ಸುಮ್ಮನೆ ನೋಡಿ ಬರುವವರಿಗೆ ಒಂದೂವರೆ ಗಂಟೆ ಸಾಕು; ಬಾನೆಟ್ಟಿನ ಒಳಗೆ ಇಣುಕಿ ನೋಡುವ ಚಪಲ ಇರುವವರು ಮೂರು ಗಂಟೆ ಇಟ್ಟುಕೊಳ್ಳಿ.

ಹೋಗುವ ದಾರಿಯಲ್ಲಿಯೇ ಕಂಪನಿಯ ಕಥೆಯನ್ನು ಜೊತೆಯವರಿಗೆ ಹೇಳಿಬಿಟ್ಟರೆ ಒಳಗೆ ಹೋದ ಮೇಲೆ ಫಲಕಗಳನ್ನು ಓದುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ಜೇಮ್ಸ್ ವಾರ್ಡ್ ಪ್ಯಾಕರ್ಡ್ ಮತ್ತು ವಿಲಿಯಂ ಡೌಡ್ ಪ್ಯಾಕರ್ಡ್ ಎಂಬ ಅಣ್ಣತಮ್ಮಂದಿರು ಇದೇ ಒಹಾಯೋದ ವಾರೆನ್ ಎಂಬ ಊರಿನವರು. ಜೇಮ್ಸ್ ಅವರು ವಿಂಟನ್ ಕಂಪನಿಯ ಕಾರು ಕೊಂಡು, ಅದು ಪದೇ ಪದೇ ಕೆಟ್ಟು ನಿಂತಾಗ ದೂರು ಹೇಳಲು ಹೋದರಂತೆ. ಅಷ್ಟು ತಿಳಿದಿದ್ದರೆ ನೀವೇ ಒಂದು ಮಾಡಿ ನೋಡಿ ಎಂದು ಆ ಕಂಪನಿಯ ಒಡೆಯ ವಿಂಟನ್ ಸಿಡುಕಿದರಂತೆ. ಮಾತು ಯಥಾವತ್ತಾಗಿ ಹಾಗೆಯೇ ನಡೆಯಿತೋ ಇಲ್ಲವೋ, 1899ರ ನವೆಂಬರ್ 6ರಂದು ಪ್ಯಾಕರ್ಡ್ ಸೋದರರ ಮೊದಲ ಕಾರು ವಾರೆನ್‌ನಲ್ಲಿ ಓಡಿದ್ದು ಮಾತ್ರ ನಿಜ. ಹೆನ್ರಿ ಜಾಯ್ ಮತ್ತು ಇತರ ಬಂಡವಾಳಗಾರರು ಹಣ ಹೂಡಿದ ಮೇಲೆ 1903ರಲ್ಲಿ ಕಾರ್ಖಾನೆ ಡೆಟ್ರಾಯಿಟ್‌ಗೆ ಹೋಯಿತು. ಆಮೇಲಿನ ಮೂರು ದಶಕ ಅಮೆರಿಕದ ಸಿರಿವಂತರ ಮನೆಯಂಗಳದಲ್ಲಿ ನಿಲ್ಲುವ ಕಾರು ಎಂದರೆ ಬಹುಮಟ್ಟಿಗೆ ಪ್ಯಾಕರ್ಡ್ ಎಂಬಂತಾಯಿತು. ಇಟ್ಟುಕೊಂಡವರನ್ನೇ ಕೇಳಿ ಎಂಬ ಅರ್ಥದ ಒಂದೇ ಸಾಲನ್ನು ಕಂಪನಿ ದಶಕಗಳ ಕಾಲ ತನ್ನ ಜಾಹೀರಾತಿನಲ್ಲಿ ಬಳಸಿತು.

ಡೇಟನ್ ತಲುಪಿದೊಡನೆ ಒಳಗೆ ನುಗ್ಗಬೇಡಿ. ಎದುರು ಬದಿಯ ಕಾಲುದಾರಿಯಲ್ಲಿ ನಿಂತು ಕಟ್ಟಡವನ್ನು ಐದು ನಿಮಿಷ ನೋಡಿ. 1913ರ ಮಾರ್ಚ್‌ನಲ್ಲಿ ಬಂದ ಮಹಾ ಪ್ರವಾಹ ಈ ಊರಿನ ನಡುಭಾಗವನ್ನು ಮುಳುಗಿಸಿತ್ತು. ಈ ಕಟ್ಟಡ ಎದ್ದದ್ದು ಅದಾದ ನಾಲ್ಕೇ ವರ್ಷಕ್ಕೆ. ಡೇಟನ್ ಆಗ ಸಾಮಾನ್ಯ ಊರಾಗಿರಲಿಲ್ಲ. ರೈಟ್ ಸೋದರರ ಊರು ಅದು; ಚಾರ್ಲ್ಸ್ ಕೆಟರಿಂಗ್ ಅವರು ಕಾರಿಗೆ ವಿದ್ಯುತ್ತಿನ ಸ್ಟಾರ್ಟರ್ ರೂಪಿಸಿ, ಅದು 1912ರ ಕ್ಯಾಡಿಲಾಕ್‌ನಲ್ಲಿ ಬಂದದ್ದು ಇಲ್ಲಿಂದಲೇ. ಹ್ಯಾಂಡಲ್ ತಿರುವಿ ತೋಳು ಮುರಿದುಕೊಳ್ಳುವ ಭಯ ಹೋಯಿತು, ಕಾರು ಓಡಿಸುವವರ ಸಂಖ್ಯೆ ಬೆಳೆಯಿತು, ಕಾರು ಮಾರುವ ಅಂಗಡಿಗೆ ದೊಡ್ಡ ಕಟ್ಟಡವೇ ಬೇಕಾಯಿತು. ಬೀದಿಯ ಕಡೆಗೆ ಮಾರುವ ಕಾರು, ಹಿಂಬದಿಗೆ ರಿಪೇರಿಯ ಕಾರು ಎಂಬ ವ್ಯವಸ್ಥೆ ಆ ಕಾಲದ ಡೀಲರ್ ಕಟ್ಟಡಗಳಲ್ಲಿ ರೂಢಿಯಾಗಿತ್ತು. ಅದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳಗಿನ ಜಾಗಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಒಳಗೆ ಮೊದಲು ಷೋರೂಂ. ಇಲ್ಲಿ ನಿಂತಾಗ ನೆನಪಿಡಬೇಕಾದ ಸಂಗತಿಯೆಂದರೆ, 1920 ಮತ್ತು 30ರ ದಶಕಗಳಲ್ಲಿ ದೊಡ್ಡ ಪ್ಯಾಕರ್ಡ್ ಕೊಳ್ಳುವವರು ಯಾವಾಗಲೂ ಸಿದ್ಧ ಕಾರನ್ನೇ ಕೊಳ್ಳುತ್ತಿರಲಿಲ್ಲ. ಎಂಜಿನ್, ಚಕ್ರ, ಚೌಕಟ್ಟು ಕಾರ್ಖಾನೆಯದು. ಮೇಲಿನ ಮೈಯನ್ನು ಬೇಕಾದರೆ ಡೀಟ್ರಿಚ್, ಲೆಬ್ಯಾರನ್, ರಾಲ್‌ಸ್ಟನ್ ಮೊದಲಾದ ಬಾಡಿ ಕಟ್ಟುವವರಿಂದ ಮಾಡಿಸಿಕೊಳ್ಳಬಹುದಿತ್ತು. ಬಟ್ಟೆ ಆರಿಸಿ, ದರ್ಜಿಗೆ ಅಳತೆ ಕೊಟ್ಟು ಹೊಲಿಸಿಕೊಂಡಂತೆಯೇ ಇದು. ಹೀಗಾಗಿ ಒಂದೇ ವರ್ಷದ ಎರಡು ಕಾರುಗಳು ಅಕ್ಕಪಕ್ಕ ನಿಂತಿದ್ದು ಒಂದಕ್ಕೊಂದು ಹೋಲದಿದ್ದರೆ ಗಲಿಬಿಲಿಯಾಗಬೇಕಿಲ್ಲ. ಬಾಗಿಲಿನ ಬುಡದಲ್ಲೋ ಬಾನೆಟ್ಟಿನ ಹಿಂಬದಿಯ ಪಕ್ಕದಲ್ಲೋ ಇರುವ ಪುಟ್ಟ ಫಲಕದಲ್ಲಿ ಬಾಡಿ ಕಟ್ಟಿದವರ ಹೆಸರನ್ನು ಹುಡುಕಿ. ಗಿರಾಕಿ ಕುಳಿತು ಮಾತಾಡುತ್ತಿದ್ದ ಕಚೇರಿಯ ವಾತಾವರಣವನ್ನೂ ಇಲ್ಲಿ ಉಳಿಸಿಕೊಂಡಿದ್ದಾರೆ. ಬಹಳ ಮಂದಿ ಅದನ್ನು ದಾಟಿ ನೇರವಾಗಿ ಕಾರುಗಳತ್ತ ಹೋಗುತ್ತಾರೆ, ನೀವು ಹಾಗೆ ಮಾಡಬೇಡಿ.

ಈ ಸಂಗ್ರಹಾಲಯದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚಾಗಿ ಹುಡುಕಿ ನೋಡಲು ಹೇಳುವುದು ಒಂದು ತಗಡಿನ ಪಟ್ಟಿಯನ್ನು. ಬಾನೆಟ್ ತೆರೆದಿಟ್ಟ ಕಾರು ಸಿಕ್ಕಿದರೆ, ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವೆ ಇರುವ ತಡೆಗೋಡೆಯ ಮೇಲೆ ಕಣ್ಣು ಹಾಯಿಸಿ. ಆ ಕಾಲದ ಪ್ಯಾಕರ್ಡ್‌ಗಳಲ್ಲಿ ಅಲ್ಲಿ ಒಂದು ಫಲಕ ಇರುತ್ತದೆ. ಕಾರಿನ ಸಂಖ್ಯೆಯ ಜೊತೆಗೆ ಅದನ್ನು ಮಾರಿದ ಡೀಲರ್‌ನ ಹೆಸರು, ಊರು, ಗಿರಾಕಿಯ ಕೈಗೆ ಒಪ್ಪಿಸಿದ ದಿನಾಂಕ ಅದರ ಮೇಲೆ ಒತ್ತಿರುತ್ತಾರೆ. ಕೊಂಡವರ ಹೆಸರು ಮರೆತುಹೋಗಿ, ಕಾರು ಹತ್ತು ಕೈ ಬದಲಾಗಿದ್ದರೂ ಮಾರಿದವರ ಹೆಸರು ಹಾಗೆಯೇ ಉಳಿದಿರುತ್ತದೆ. ಡೀಲರ್‌ನ ಅಂಗಡಿಯೊಳಗೆ ನಿಂತು ಇನ್ನೊಬ್ಬ ಡೀಲರ್‌ನ ಹೆಸರನ್ನು ಹಾಗೆ ಓದುವುದರಲ್ಲಿ ಒಂದು ಬಗೆಯ ಸ್ವಾರಸ್ಯವಿದೆ. ಬಾನೆಟ್ ಮುಚ್ಚಿದ್ದರೆ ತಾವಾಗಿ ಎತ್ತಬೇಡಿ, ಅಲ್ಲಿರುವವರನ್ನು ಕೇಳಿ.

ದೂರದಿಂದಲೇ ಪ್ಯಾಕರ್ಡ್ ಗುರುತಿಸಲು ಎರಡು ಗುರುತು ಸಾಕು. ರೇಡಿಯೇಟರ್‌ನ ಮೇಲಂಚು ಎತ್ತಿನ ನೊಗದಂತೆ ಎರಡು ಭುಜ ಇಳಿಸಿಕೊಂಡಿರುತ್ತದೆ. ಅಮೆರಿಕದವರೂ ಅದನ್ನು ನೊಗವೆಂದೇ ಕರೆಯುತ್ತಾರೆ, ನಮ್ಮ ಹಳ್ಳಿಯವರಿಗೆ ವಿವರಿಸುವ ಕಷ್ಟವಿಲ್ಲ. ಎರಡನೆಯದು, ಚಕ್ರದ ನಡುವಿನ ಮುಚ್ಚಳದಲ್ಲಿರುವ ಕೆಂಪು ಷಟ್ಕೋನ. ಬಾನೆಟ್ ತುದಿಯ ಬೊಂಬೆಗಳು ಮಾತ್ರ ಬದಲಾಗುತ್ತವೆ. ಕೈಯಲ್ಲಿ ಚಕ್ರ ಹಿಡಿದ ವೇಗದೇವತೆ ಒಂದಾದರೆ, ಕತ್ತು ಬಾಗಿಸಿದ ಹಕ್ಕಿ ಇನ್ನೊಂದು. ಆ ಹಕ್ಕಿ ಹೆಜ್ಜಾರ್ಲೆಯೋ ನೀರುಕಾಗೆಯೋ ಎಂಬ ಜಗಳ ಅಭಿಮಾನಿಗಳಲ್ಲಿ ಇಂದಿಗೂ ಮುಗಿದಿಲ್ಲ, ಕಂಪನಿಯೇ ಎರಡೂ ಹೆಸರನ್ನು ಬಳಸಿದ್ದರಿಂದ ಮುಗಿಯುವ ಲಕ್ಷಣವೂ ಇಲ್ಲ. ಫಲಕಗಳಲ್ಲಿ ಹನ್ನೊಂದನೆಯ, ಹನ್ನೆರಡನೆಯ ಸರಣಿ ಎಂದು ಓದುತ್ತ ಬಂದವರು ಹದಿಮೂರನ್ನು ಹುಡುಕಿ ದಣಿಯಬೇಡಿ. ಅಪಶಕುನದ ಆ ಸಂಖ್ಯೆಯನ್ನು ಬಿಟ್ಟು ಕಂಪನಿ 1936ಕ್ಕೆ ನೇರವಾಗಿ ಹದಿನಾಲ್ಕಕ್ಕೆ ಹಾರಿತು.

ಎಂಜಿನ್ನುಗಳ ವಿಷಯದಲ್ಲಿ ಮೂರನ್ನು ಬೇರೆ ಬೇರೆಯಾಗಿ ನೋಡಿ. 1915ರಲ್ಲಿ ಪ್ರಕಟವಾದ ಟ್ವಿನ್ ಸಿಕ್ಸ್ ಹನ್ನೆರಡು ಸಿಲಿಂಡರುಗಳದ್ದು, ಆರಾರರ ಎರಡು ಸಾಲು ಓರೆಯಾಗಿ ಎದುರುಬದುರು ನಿಂತಿರುತ್ತವೆ. 1921ರಲ್ಲಿ ವಾರೆನ್ ಹಾರ್ಡಿಂಗ್ ಅವರು ಅಮೆರಿಕದ ಅಧ್ಯಕ್ಷ ಪದವಿ ಸ್ವೀಕರಿಸಲು ಹೋದದ್ದು ಈ ಕಾರಿನಲ್ಲಿ, ಕುದುರೆ ಸಾರೋಟು ಬಿಟ್ಟು ಕಾರಿನಲ್ಲಿ ಹೋದ ಮೊದಲ ಅಧ್ಯಕ್ಷರು ಅವರೇ. ಅದರ ನಂತರದ್ದು ಎಂಟು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ ಎಂಜಿನ್. ಆ ಕಾರುಗಳ ಮೂತಿ ಅಷ್ಟು ಉದ್ದವಾಗಿರುವುದಕ್ಕೆ ಮುಖ್ಯ ಕಾರಣ ಇದೇ ಹೊರತು ಬರಿಯ ಅಂದವಲ್ಲ. ಮೂರನೆಯದು 1930ರ ದಶಕದ ಟ್ವೆಲ್ವ್. 1935ರಿಂದ ಅದರ ಗಾತ್ರ 7.7 ಲೀಟರ್, ಶಕ್ತಿ 175 ಕುದುರೆ.

ಅಂಥ ಭಾರಿ ಕಾರುಗಳ ನಡುವೆ ಒನ್ ಟ್ವೆಂಟಿ ಎಂಬ ಸಾಧಾರಣ ಕಾರು ಕಂಡರೆ ಅಲಕ್ಷಿಸಬೇಡಿ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಸಿರಿವಂತರೇ ಕೈ ಬಿಗಿ ಹಿಡಿದಾಗ, 1935ರಲ್ಲಿ ಸಾವಿರ ಡಾಲರ್ ಒಳಗಿನ ಬೆಲೆಯಿಂದ ಶುರುವಾಗುವ ಈ ಕಾರನ್ನು ಪ್ಯಾಕರ್ಡ್ ತಂದಿತು. ಮೊದಲ ವರ್ಷವೇ ಸುಮಾರು 25 ಸಾವಿರ ಮಾರಾಟವಾದವು. ಕಂಪನಿಯನ್ನು ಉಳಿಸಿದ್ದು ಇದೇ. ಪ್ಯಾಕರ್ಡ್ ಎಂದರೆ ಎಲ್ಲರಿಗೂ ಎಟುಕದ್ದು ಎಂಬ ಗತ್ತನ್ನು ಕರಗಿಸಿದ್ದೂ ಇದೇ ಎಂದು ಹೇಳುವವರಿದ್ದಾರೆ. ನನಗಂತೂ ಆ ಆಕ್ಷೇಪಣೆ ಸರಿಯೆನಿಸುವುದಿಲ್ಲ. ಅಂಗಡಿ ಮುಚ್ಚಿದ ಮೇಲೆ ಗತ್ತು ಇಟ್ಟುಕೊಂಡು ಮಾಡುವುದೇನು?

1940ರ ಕಾರುಗಳ ಮುಂದೆ ನಿಂತಾಗ ಹವಾನಿಯಂತ್ರಣದ ಕಥೆಯನ್ನು ಮಕ್ಕಳಿಗೆ ಹೇಳಿ. ಕಾರ್ಖಾನೆಯಿಂದಲೇ ಏಸಿ ಕೊಡಲು ಮೊದಲು ಮುಂದಾದ ಕಂಪನಿ ಪ್ಯಾಕರ್ಡ್. ಅದರ ಯಂತ್ರ ಡಿಕ್ಕಿಯ ಅರ್ಧ ಜಾಗ ನುಂಗುತ್ತಿತ್ತು, ಬೆಲೆ 274 ಡಾಲರ್. ಚಳಿಯಾದರೆ ನಿಲ್ಲಿಸುವ ಗುಂಡಿಯೇ ಇರಲಿಲ್ಲ. ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಬೆಲ್ಟನ್ನು ಕಳಚಬೇಕಿತ್ತು. ಒಂದೆರಡು ವರ್ಷದಲ್ಲೇ ಅದನ್ನು ಕೈಬಿಟ್ಟರು.

ಗಿರಾಕಿಯ ದಾರಿಯಲ್ಲಿ ಮುಂದಿನದು ಸರ್ವಿಸ್ ವಿಭಾಗ, ಅಂದರೆ ಕೊಂಡ ಮೇಲೆ ಮತ್ತೆ ಮತ್ತೆ ಬರಬೇಕಾಗಿದ್ದ ಜಾಗ. ಸಲಕರಣೆಗಳನ್ನೂ ಬಿಡಿಭಾಗಗಳನ್ನೂ ಅವಸರವಿಲ್ಲದೆ ನೋಡಿ. ಅಪ್ಪನೋ ಮಾವನೋ ಊರಿನಲ್ಲಿ ಗ್ಯಾರೇಜ್ ಇಟ್ಟಿದ್ದವರಾದರೆ ಅವರನ್ನು ಇಲ್ಲಿ ಬಿಟ್ಟು ನೀವು ಮುಂದೆ ಹೋಗಬಹುದು, ಅವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. 1950ರ ದಶಕದ ಕಾರುಗಳನ್ನು ಕೊನೆಗೆ ಇಟ್ಟುಕೊಳ್ಳಿ. 1955ರ ಕಾರುಗಳಲ್ಲಿ ಉದ್ದುದ್ದ ತಿರುಚು ಸರಳುಗಳ ಮೇಲೆ ಕಾರನ್ನು ತೂಗಿದ ಹೊಸ ಸಸ್ಪೆನ್ಷನ್ ಇದೆ, 1956ರಲ್ಲಿ ಗುಂಡಿ ಒತ್ತಿ ಗೇರು ಹಾಕುವ ವ್ಯವಸ್ಥೆಯೂ ಬಂತು. ಅಷ್ಟರಲ್ಲಿ, 1954ರಲ್ಲೇ ಸ್ಟೂಡಿಬೇಕರ್ ಜೊತೆ ಸೇರಿದ್ದ ಕಂಪನಿಯ ಕೈ ಬರಿದಾಗಿತ್ತು. 1956ರ ನಡುವಿನಲ್ಲಿ ಡೆಟ್ರಾಯಿಟ್‌ನ ತಯಾರಿಕೆ ನಿಂತಿತು. ಆಮೇಲಿನ ಎರಡು ವರ್ಷ ಸ್ಟೂಡಿಬೇಕರ್ ಕಾರಿಗೇ ಪ್ಯಾಕರ್ಡ್ ಹೆಸರು ಅಂಟಿಸಿ ಮಾರಿ, 1958ಕ್ಕೆ ಹೆಸರೂ ಹೋಯಿತು.

ಕಾರುಗಳನ್ನು ಮುಟ್ಟಬಾರದು ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಿಲ್ಲ, ಆದರೆ ಹೆಗಲಚೀಲ, ಬೆಲ್ಟಿನ ಬಕಲ್, ಕ್ಯಾಮೆರಾದ ಪಟ್ಟಿ ಇವು ಬಣ್ಣಕ್ಕೆ ತಗುಲುವ ಬಗ್ಗೆ ಎಚ್ಚರವಿರಲಿ. ಫುಟ್‌ಬೋರ್ಡಿನ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುವ ಆಸೆಯನ್ನು ಹತ್ತಿಕ್ಕಿಕೊಳ್ಳಿ. ಹೊಳೆಯುವ ಮೈಯಲ್ಲಿ ಫ್ಲ್ಯಾಶ್ ಪ್ರತಿಫಲಿಸುವುದರಿಂದ ಅದನ್ನು ಆರಿಸಿ, ಪಕ್ಕದಿಂದ ಓರೆಯಾಗಿ ನಿಂತು ತೆಗೆದ ಚಿತ್ರ ಚೆನ್ನಾಗಿ ಬರುತ್ತದೆ.

ಪ್ಯಾಕರ್ಡ್‌ನ ಇನ್ನೊಂದು ಅರ್ಧ ಇದೇ ಊರಿನಲ್ಲಿ ಬೇರೆಡೆ ಇದೆ. ಎರಡನೆಯ ಮಹಾಯುದ್ಧದಲ್ಲಿ ಪ್ಯಾಕರ್ಡ್ ಕಂಪನಿ ರೋಲ್ಸ್ ರಾಯ್ಸ್‌ನ ಮರ್ಲಿನ್ ವಿಮಾನ ಎಂಜಿನ್ನುಗಳನ್ನು ಪರವಾನಗಿ ಪಡೆದು ತಯಾರಿಸಿತು. ಅವುಗಳ ಸಂಖ್ಯೆ 55 ಸಾವಿರಕ್ಕೂ ಹೆಚ್ಚು. ಪಿ-51ಡಿ ಮಸ್ಟಾಂಗ್ ಯುದ್ಧವಿಮಾನದ ಮೂತಿಯಲ್ಲಿ ಇದ್ದದ್ದು ಅದೇ ಎಂಜಿನ್. ಆ ವಿಮಾನವನ್ನು ಡೇಟನ್‌ನ ಪಕ್ಕದಲ್ಲಿರುವ ಅಮೆರಿಕ ವಾಯುಪಡೆಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ನೋಡಬಹುದು, ಪ್ರವೇಶ ಉಚಿತ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಕಾಲು ಸೋಲುತ್ತದೆ, ಏಕೆಂದರೆ ವಾಯುಪಡೆಯ ಸಂಗ್ರಹಾಲಯವನ್ನು ಪೂರ್ತಿ ನೋಡಲು ಇಡೀ ದಿನವೂ ಸಾಲದು. ಒಂದೇ ದಿನ ಇರುವವರು ಬೆಳಿಗ್ಗೆ ಅಲ್ಲಿ ಮಹಾಯುದ್ಧದ ಅಂಗಣವನ್ನಷ್ಟೇ ನೋಡಿ, ಊಟ ಮುಗಿಸಿಕೊಂಡು ಮಧ್ಯಾಹ್ನ ಲಡ್ಲೋ ಬೀದಿಗೆ ಬನ್ನಿ.