ಅರ್ಧಕ್ಕೆ ಬಿಟ್ಟ ಬಿ.ಕಾಂ. ಮುಂದುವರಿಸೋದು ಹೇಗೆ?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಕಾಲೇಜು ಅರ್ಜಿ ಅಂದ್ರೆ ಎಲ್ಲರೂ ನನ್ನ ಬಾಗಿಲು ತಟ್ಟುತ್ತಾರೆ. ಮೊನ್ನೆ ಬಂದವನು ಉಡುಪಿ ಹುಡುಗ. ಊರಲ್ಲಿ ಎರಡು ವರ್ಷ ಬಿ.ಕಾಂ. ಓದಿ, ಈಗ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾನೆ. "ಅಕ್ಕಾ, ಮೊದಲಿಂದ ಓದಬೇಕಾ?" ಬೇಡ ಮಾರಾಯ.

ಮೊದಲು ಡಿಜಿಲಾಕರ್‌ನಲ್ಲಿ 12 ಅಂಕಿಯ ಅಪಾರ್ ಐಡಿ, ಅಂದರೆ ವಿದ್ಯಾರ್ಥಿಯ ಗುರುತಿನ ಸಂಖ್ಯೆ, ಮಾಡಿಕೊಳ್ಳಿ. ಆಧಾರ್, ಅಂಕಪಟ್ಟಿ ಎರಡರಲ್ಲೂ ಹೆಸರು ಒಂದೇ ಥರ ಇರಲಿ. ಒಂದರಲ್ಲಿ ಪೂರ್ತಿ 'ಶೆಟ್ಟಿ', ಇನ್ನೊಂದರಲ್ಲಿ ಬರೀ ಇನಿಶಿಯಲ್ ಇದ್ದರೆ ಸುಮ್ನೆ ತಲೆನೋವು.

ಆಮೇಲೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆ ನೋಡಿ. ಪಾಸಾದ ವಿಷಯಗಳಿಗೆ ಸಿಗುವ ಕ್ರೆಡಿಟ್, ಅಂದರೆ ಓದಿನ ಲೆಕ್ಕ, ಆನ್‌ಲೈನಲ್ಲಿ ಜಮಾ ಆಗೋದು ಇಲ್ಲೇ. ಅಲ್ಲಿಗೆ ಕ್ರೆಡಿಟ್ ಹಾಕಬೇಕಾದದ್ದು ಹಳೇ ವಿಶ್ವವಿದ್ಯಾಲಯ, ನೀವಲ್ಲ. ಖಾಲಿ ಕಂಡರೆ ಊರಿನ ಕಾಲೇಜಿಗೆ ಫೋನ್ ಮಾಡಿ. ಹೇಗೂ ಟಿ.ಸಿ., ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಲು ಮೈಗ್ರೇಶನ್ ಸರ್ಟಿಫಿಕೇಟ್ ಬೇಕಲ್ವಾ? ಸಿಲೆಬಸ್ ಪ್ರತಿಗೂ ಸೀಲ್ ಹಾಕಿಸಿಕೊಳ್ಳಿ.

ಕ್ರೆಡಿಟ್‌ಗೆ ಸಾಮಾನ್ಯವಾಗಿ 7 ವರ್ಷ ಆಯಸ್ಸು. 2021ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಂತೆ ಡಿಗ್ರಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಶೇ. 50 ಕ್ರೆಡಿಟ್ ಗಳಿಸಬೇಕು. ಅಂದರೆ ಓದಿದ ಎರಡು ವರ್ಷವೂ ಪೂರ್ತಿ ಲೆಕ್ಕಕ್ಕೆ ಬರದೇ ಹೋಗಬಹುದು. ಎಷ್ಟು ಒಪ್ಪುತ್ತಾರೆ ಅಂತ ಹೊಸ ಕಾಲೇಜಿನಿಂದ ಬರೆಸಿಕೊಂಡ ಮೇಲೆಯೇ ಫೀಸ್ ಕಟ್ಟಿ.